ಮೂರನೆಯ ಸಿಲಿಂಡರಿನ ಮುಳ್ಳು

ಇದು ನನ್ನ ಚಿಕ್ಕಮ್ಮನ ಮಗಳು ಕುಸುಮಾವತಿಗೆ ಆದದ್ದು. ನಂಬುವವರು ನಂಬಿ. ನಂಬದವರು ದೀಪ ಆರಿಸಿ ಮಲಗಿ. ನನಗೇನೂ ನಷ್ಟವಿಲ್ಲ.

ಅವಳಿಗೆ ಎರ್ನಾಕುಲಂನ ಒಂದು ಬ್ಯಾಂಕಿನಲ್ಲಿ ಕೆಲಸ. ಆ ದಿನ ಶಾಖೆಯಲ್ಲಿ ಇನ್‌ಸ್ಪೆಕ್ಷನ್ ಇತ್ತು. ಪಾಲಾರಿವಟ್ಟಂನಲ್ಲಿ ಮೆಟ್ರೋದಿಂದ ಇಳಿಯುವಾಗ ರಾತ್ರಿ ಹತ್ತೂವರೆ. ಮುಖ್ಯರಸ್ತೆಯಿಂದ ಅವಳ ಮನೆಗೆ ಒಂದು ಸಣ್ಣ ಓಣಿ. ಓಣಿಯ ಮಧ್ಯದಲ್ಲಿ ನೆರೆಮನೆಯ ಸುಮಿತ್ರ ಚೇಚಿಯ, ಅಂದರೆ ಸುಮಿತ್ರಕ್ಕನ, ಹಿತ್ತಿಲು, ಹಿತ್ತಿಲಲ್ಲಿ ಬಾವಿ. ಕಸ ಬೀಳಬಾರದೆಂದು ಬಾವಿಯ ಮೇಲೆ ಹಸಿರು ಬಲೆ ಕಟ್ಟಿದ್ದಾರೆ. ಅಲ್ಲಿಂದ ಮುಂದೆ ಓಣಿಯಲ್ಲಿ ಕಾರು ಹೋಗುವುದಿಲ್ಲ, ಹಾಗಾಗಿ ಇವಳ ಹಳೆಯ ಬೀಟಲ್ ಕಾರು ಆ ಬಾವಿಯ ಪಕ್ಕದಲ್ಲೇ ಟಾರ್ಪಾಲು ಹೊದ್ದುಕೊಂಡು ನಿಂತಿರುತ್ತಿತ್ತು.

ಅವಳು ಬಾವಿಯ ಹತ್ತಿರ ಬಂದಳು. ಒಂದು ಕಪ್ಪೆ ನೀರಿಗೆ ಹಾರಿತು. ಪ್ಲುಕ್.

ಆಮೇಲೆ ಇನ್ನೊಂದು ಸದ್ದು.

ಟಿಣ್... ಟಿಣ್... ಸ್ವಲ್ಪ ಬಿಟ್ಟು... ಟಿಣ್.

ಬೇರೆ ಯಾರಾದರೂ ಆಗಿದ್ದರೆ ತಗಡಿನ ಮೇಲೆ ನೀರು ತೊಟ್ಟಿಕ್ಕುತ್ತಿದೆ ಅಂದುಕೊಂಡು ಮನೆಗೆ ಹೋಗುತ್ತಿದ್ದರು. ಅವಳಿಗೆ ಆ ಸದ್ದು ಗೊತ್ತು. ಚಿಕ್ಕವಳಿದ್ದಾಗಿನಿಂದ ಗೊತ್ತು. ದೂರ ಓಡಿ ಬಂದ ಇಂಜಿನ್ ಆರಿಸಿದ ಮೇಲೆ, ಕಾದ ಲೋಹ ತಣಿಯುತ್ತಾ ಮಾಡುವ ಸದ್ದು ಅದು.

ಆ ಕಾರು ಓಡಿ ಹನ್ನೊಂದು ದಿನ ಆಗಿತ್ತು.

ಅವಳು ಟಾರ್ಪಾಲು ಎತ್ತಿ ಹಿಂದಿನ ಮುಚ್ಚಳದ ಮೇಲೆ ಅಂಗೈ ಇಟ್ಟಳು. ಅವಳಪ್ಪ ಕಲಿಸಿದ ಹಾಗೆ ಎಣಿಸಿದಳು. ಒಂದು... ಎರಡು... ಮೂರು... ನಾಲ್ಕು... ಐದಕ್ಕೆ ಕೈ ಎಳೆದುಕೊಂಡಳು. ಸುಡುತ್ತಿತ್ತು.

ನನಗೆ ಫೋನ್ ಮಾಡಿದಳು. ಪಿಸುಗುಟ್ಟುತ್ತಿದ್ದಳು.

"ಅಕ್ಕ, ಗಾಡಿ ಬಿಸಿ ಉಂಟು."

"ಬಿಸಿಲಿಗೆ ನಿಂತಿತ್ತಲ್ಲ."

"ಗಂಟೆ ಎಷ್ಟು ನೋಡು ಮಾರಾಯ್ತಿ. ನೀನು ಹಾಕಿದ ಬಿಸಿಯ ಮೀಟರಿನ ಮುಳ್ಳು ನೂರ ಎಪ್ಪತ್ತು ಡಿಗ್ರಿಯಲ್ಲಿ ಉಂಟು."

"ನಿನಗೆ ನೋಡ್ಲಿಕ್ಕೆ ಗೊತ್ತಿಲ್ಲ. ಮಲಗು," ಅಂದು ಫೋನ್ ಇಟ್ಟೆ. ನನಗೆ ಸಿಟ್ಟು ಬಂದಿತ್ತು. ನನ್ನ ಕೆಲಸಕ್ಕೆ ಯಾರಾದರೂ ಕೊಂಕು ತೆಗೆದರೆ ನನಗೆ ಬರುವ ಮೊದಲನೆಯದು ಸಿಟ್ಟು.

ಆ ಕಾರು ಕುಸುಮಾವತಿಯ ಅಪ್ಪ, ನನ್ನ ಚಿಕ್ಕಪ್ಪ ವೆಂಕಟರಮಣ ಅವರದ್ದು. ಪುತ್ತೂರಿನವರು. ತಿರುವನಂತಪುರಂನ ಪಟ್ಟಂನಲ್ಲಿ ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು, ಅಲ್ಲಿಯೇ ಫ್ಲಾಟು ತೆಗೆದುಕೊಂಡು ನಿಂತರು. ಆ ಜಾತಿಯ ಗಾಡಿಗೆ ಇಂಜಿನ್ ಹಿಂದುಗಡೆ. ರೇಡಿಯೇಟರ್ ಇಲ್ಲ, ನೀರು ಇಲ್ಲ. ಒಂದು ಫ್ಯಾನು ಗಾಳಿ ಊದುತ್ತದೆ, ಆ ಗಾಳಿಯಲ್ಲಿ ತಣ್ಣಗಾಗಬೇಕು. ಗಾಳಿ ತಪ್ಪಿದರೆ ಇಂಜಿನ್ ಸುಟ್ಟುಹೋಗುತ್ತದೆ. ಆದರೆ ಸುಡುತ್ತಿದೆ ಎಂದು ಹೇಳುವ ಮೀಟರೇ ಆ ಗಾಡಿಯಲ್ಲಿ ಇರುವುದಿಲ್ಲ. ಚಿಕ್ಕಪ್ಪ ಐವತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಹಿಂದಿನ ಮುಚ್ಚಳದ ಮೇಲೆ ಅಂಗೈ ಇಟ್ಟು ಹತ್ತರವರೆಗೆ ಎಣಿಸುತ್ತಿದ್ದರು. ಕೈ ನಿಂತರೆ ಮುಂದೆ. ನಿಲ್ಲದಿದ್ದರೆ ಚಾ. ಮೀಟರ್ ಹಾಕಿಸಿ ಚಿಕ್ಕಪ್ಪ ಎಂದು ನಾನು ಹತ್ತು ಸಲ ಹೇಳಿದ್ದೇನೆ. "ನಿನ್ನ ಮೀಟರನ್ನು ಯಾರು ನೋಡಿಕೊಳ್ಳುವುದು?" ಎಂದು ನಗುತ್ತಿದ್ದರು.

ಇನ್ನೊಂದು ಅಭ್ಯಾಸ ಅವರಿಗಿತ್ತು. ಗಾಡಿಯಲ್ಲಿ ಏನು ಸಡಿಲವಾದರೂ ಕಚೇರಿಯ ಕಡತ ಕಟ್ಟುವ ಟ್ಯಾಗು ದಾರದಿಂದ ಕಟ್ಟುತ್ತಿದ್ದರು. ಹಸಿರು ದಾರ, ಎರಡು ತುದಿಗೂ ಸಣ್ಣ ತಗಡಿನ ಕಡ್ಡಿ, ನೋಡಿದ್ದೀರಲ್ಲ? ಅದೇ. ಗಂಟು ಹಾಕಿ, ಎರಡೂ ತುದಿಗಳನ್ನು ಒಂದೇ ಕಡೆಗೆ ಮಡಚಿ, ಒಳಗೆ ಸಿಕ್ಕಿಸುತ್ತಿದ್ದರು. ಚೊಕ್ಕ ಕೆಲಸ.

ಕಳೆದ ವರ್ಷ ಹೋದರು. ಆ ದಿನ ಕುಸುಮಾವತಿ ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದಳು. ಫೋನ್ ಬ್ಯಾಗಿನಲ್ಲಿ ಇತ್ತು. ಅದರ ಬಗ್ಗೆ ಅವಳು ಮಾತಾಡುವುದಿಲ್ಲ. ಕಾರನ್ನು ಮಾತ್ರ ಲಾರಿಯ ಮೇಲೆ ಏರಿಸಿಕೊಂಡು ಕೊಚ್ಚಿಗೆ ತಂದಳು.

ಅವಳ ಗಂಡ ನಿತ್ಯಾನಂದನಿಗೆ ಅದು ಬೇಡ. ಕೆಟ್ಟವನಲ್ಲ, ಬಾಯಿ ಜಾಸ್ತಿ. ಗಾಡಿಯ ನೋಂದಣಿ ತಿರುವನಂತಪುರಂನದ್ದು, ಅವಧಿ ಮುಗಿಯುತ್ತಾ ಬಂದಿತ್ತು. ಗಾಡಿಯನ್ನು ಅಲ್ಲಿಗೆ ಒಯ್ದು ತೋರಿಸಬೇಕು. ಇನ್ನೂರು ಕಿಲೋಮೀಟರ್ ದಾರಿ. ನಿತ್ಯಾನಂದ ಒಂದು ಶರತ್ತು ಹಾಕಿದ.

"ತನ್ನ ಚಕ್ರದ ಮೇಲೆ ಪಟ್ಟಂ ಮುಟ್ಟಿದರೆ ಗಾಡಿ ನಿನ್ನದು, ನಾನು ಮತ್ತೆ ಚಕಾರ ಎತ್ತುವುದಿಲ್ಲ. ಲಾರಿ ಕರೆಸಬೇಕಾದರೆ ಮಾತ್ರ ಅಲ್ಲಿಂದಲೇ ಗುಜರಿಗೆ."

ಅವಳು ಒಪ್ಪಿದಳು. ನನ್ನ ಹತ್ತಿರ ಬಂದು, "ಅಕ್ಕ, ಮೀಟರ್ ಹಾಕು. ಅಪ್ಪನ ಕೈ ನನಗಿಲ್ಲ," ಅಂದಳು.

ಪಾಲಾರಿವಟ್ಟಂ ಜಂಕ್ಷನ್ ಹಿಂದೆ ನನ್ನ ಅಂಗಡಿ. ಗಾಡಿಗಳ ವಯರಿಂಗ್ ಕೆಲಸ. ನಾನು ಕಾಲೇಜು ಕಂಡವಳಲ್ಲ. ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಗುವ ರಿಪೇರಿ ಪುಸ್ತಕಗಳನ್ನು ತಂದು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಕಲಿತದ್ದು. ಕಲಿತದ್ದನ್ನು ಇವತ್ತಿನವರೆಗೂ ಯಾರೂ ತಪ್ಪು ಅಂದದ್ದಿಲ್ಲ.

ಮೂರು ಮೀಟರ್ ಹಾಕಿದೆ. ಆಯಿಲ್ ಒತ್ತಡಕ್ಕೆ ಒಂದು, ಆಯಿಲ್ ಬಿಸಿಗೆ ಒಂದು. ಮೂರನೆಯದು ಸಿಲಿಂಡರಿನ ತಲೆಯ ಬಿಸಿ ತೋರಿಸುವಂಥದ್ದು. ಇದು ಸ್ವಲ್ಪ ವಿಚಿತ್ರ. ಸ್ಪಾರ್ಕ್ ಪ್ಲಗ್ಗಿನ ಬುಡಕ್ಕೆ ಒಂದು ತಾಮ್ರದ ಉಂಗುರ ಹಾಕುತ್ತೇವೆ. ಉಂಗುರದಿಂದ ಎರಡು ವಯರು ಮುಂದಕ್ಕೆ. ಇದಕ್ಕೆ ಬ್ಯಾಟರಿ ಬೇಡ. ಉಂಗುರ ಕಾದರೆ ಮುಳ್ಳು ತಾನಾಗಿ ಏಳುತ್ತದೆ. ಬಿಸಿಯೇ ಅದರ ಕರೆಂಟು.

ಆ ಇಂಜಿನ್ನಿನಲ್ಲಿ ನಾಲ್ಕು ಸಿಲಿಂಡರು. ಎಲ್ಲಕ್ಕಿಂತ ಜಾಸ್ತಿ ಕಾಯುವುದು ಮೂರನೆಯದು. ಅದಕ್ಕೆ ಗಾಳಿ ಕಡಿಮೆ. ಆ ಇಂಜಿನ್ ಬಿಚ್ಚಿದವರಿಗೆಲ್ಲ ಇದು ಗೊತ್ತು. ಹಾಗಾಗಿ ಉಂಗುರ ಮೂರನೆಯದಕ್ಕೇ ಹಾಕಬೇಕು.

ಈಗ ನಾನು ಒಂದು ಮಾತು ಹೇಳುತ್ತೇನೆ. ಇದುವರೆಗೆ ಯಾರಿಗೂ ಹೇಳಿಲ್ಲ.

ಮೂರನೆಯದು ಎಡಗಡೆ, ಒಳಗೆ, ಮೂಲೆಯಲ್ಲಿ ಇರುತ್ತದೆ. ಕೈ ಹೋಗುವುದಿಲ್ಲ. ಒಂದು ತಗಡಿನ ಹೊದಿಕೆ ಬಿಚ್ಚಬೇಕು, ಅದಕ್ಕೆ ಅರ್ಧ ದಿನ. ಅಂಗಡಿಯಲ್ಲಿ ನಾಲ್ಕು ಗಾಡಿ ಕಾಯುತ್ತಿದ್ದವು. ಸೆಕೆ. ಬಾವಿಕಟ್ಟೆಯ ಮೇಲೆ ಕೂತು ನಿತ್ಯಾನಂದ, "ಅಕ್ಕ, ಈ ಕೆಲಸ ಮುಗಿಯುವುದು ನೋಂದಣಿಗೋ, ನಿಮ್ಮ ನಿವೃತ್ತಿಗೋ?" ಎಂದು ಕೆಣಕುತ್ತಿದ್ದ. ನಾನು ಉಂಗುರವನ್ನು ಬಲಗಡೆ ಕೈಗೆ ಸಿಗುವ ಎರಡನೆಯ ಪ್ಲಗ್ಗಿಗೆ ಹಾಕಿಬಿಟ್ಟೆ. ಕೇಳಿದವರಿಗೆ ಮೂರನೆಯದು ಅಂದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ನಾನು ಕೆಲಸ ಮುಗಿಸಿದ ಸ್ಕ್ರೂಗಳ ಮೇಲೆ ಕೆಂಪು ಉಗುರುಬಣ್ಣದ ಒಂದೊಂದು ಚುಕ್ಕಿ ಇಡುವುದು ನನ್ನ ಪದ್ಧತಿ. ಚುಕ್ಕಿ ಅರ್ಧ ಸ್ಕ್ರೂವಿನ ಮೇಲೆ, ಅರ್ಧ ತಗಡಿನ ಮೇಲೆ ಇರಬೇಕು. ಆಮೇಲೆ ಯಾರಾದರೂ ತಿರುಗಿಸಿದರೆ ಒಡೆದು ಗೊತ್ತಾಗುತ್ತದೆ. ಮೂರನೆಯದರ ಹೊದಿಕೆಯನ್ನು ನಾನು ಮುಟ್ಟಿರಲಿಲ್ಲ. ಮುಟ್ಟಿದ್ದೇನೆ ಎಂದು ಕಾಣಲಿ ಅಂತ ಅದರ ಮೂರೂ ಸ್ಕ್ರೂಗಳಿಗೆ ಚುಕ್ಕಿ ಇಟ್ಟೆ.

ಕುಸುಮಾವತಿ ನೋಡಿ, "ಎಷ್ಟು ನಿಗಾ ನಿನ್ನದು!" ಅಂದಳು.

ಅವಳು ಪಿಸುಗುಟ್ಟುತ್ತಾ ಫೋನ್ ಮಾಡಿದ ರಾತ್ರಿಯ ಮಾರನೆಯ ಬೆಳಿಗ್ಗೆ ಹೋದೆ. ಗಾಡಿ ತಣ್ಣಗಿತ್ತು. ಮುಳ್ಳು ಕೆಳಗೆ ಮಲಗಿತ್ತು. ಇಂಜಿನ್ ಅರ್ಧ ಗಂಟೆ ಓಡಿಸಿದೆ. ಟಪಟಪಟಪ... ಏನೂ ತೊಂದರೆ ಇಲ್ಲ. ನೂರ ಮೂವತ್ತಕ್ಕೆ ಬಂದು ನಿಂತಿತು, ನಿಲ್ಲಬೇಕಾದಲ್ಲಿ. ಸುಮಿತ್ರ ಚೇಚಿ ಬಟ್ಟೆ ಒಣಗಿಸುತ್ತಾ ಕೇಳಿದರು: "ಮೋಳೇ, ಇನ್ನಲೆ ರಾತ್ರಿ ವಂಡಿ ಎಡುತ್ತೋ?" ನಿನ್ನೆ ರಾತ್ರಿ ಗಾಡಿ ತೆಗೆದಿರಾ ಎಂದು. ಇಲ್ಲ ಅಂದೆ. ಅವರು ಬಟ್ಟೆಗೆ ಕ್ಲಿಪ್ಪು ಸಿಕ್ಕಿಸುತ್ತಾ ನನ್ನನ್ನೇ ನೋಡಿದರು.

ಆ ರಾತ್ರಿ ಮತ್ತೆ ಫೋನು. ನೂರ ಎಪ್ಪತ್ತೈದು.

ಮೀಟರ್ ಬದಲಿಸಿದೆ. ರಾತ್ರಿ ಮತ್ತೆ ಏರಿತು. ಬೇರೆ ಕಂಪನಿಯ ಮೀಟರ್ ತರಿಸಿ ಹಾಕಿದೆ. ಮತ್ತೆ ಏರಿತು. ಮುಂದುಗಡೆಯ ವಯರಿನ ಜೋಡಣೆಗಳನ್ನೆಲ್ಲ ಬಿಚ್ಚಿ ಮರಳು ಕಾಗದದಲ್ಲಿ ಉಜ್ಜಿ ಹಾಕಿದೆ. ಬೆರಳು ಕೊಯ್ದುಕೊಂಡೆ. ಏರಿತು. ಹಗಲು ನಾನು ಮುಂದೆ ಕೂತರೆ ಒಳ್ಳೆಯ ಮಗುವಿನ ಹಾಗೆ ಇರುತ್ತದೆ. ರಾತ್ರಿ ಮಾತ್ರ ಚಾಡಿ ಹೇಳುತ್ತದೆ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಒಂದು ಮೀಟರು ನನ್ನನ್ನು ಹಾಗೆ ಆಡಿಸಿದ್ದಿಲ್ಲ. ಊಟ ರುಚಿಸಲಿಲ್ಲ. ಅಂಗಡಿಗೆ ಬಂದವರ ಮೇಲೆಲ್ಲ ರೇಗಿದೆ.

ನಿತ್ಯಾನಂದ ಹೇಳಿದ: "ಅಕ್ಕ, ನಿಮ್ಮ ಮೀಟರಿಗೆ ರಾತ್ರಿ ಜ್ವರ ಬರುತ್ತದೆ. ಒಂದು ಕಷಾಯ ಕೊಡಿ. ಇಲ್ಲದಿದ್ದರೆ ಹಿಂದಿನ ತಗಡು ಬಿಚ್ಚಿ ಉಂಗುರ ಒಮ್ಮೆ ನೋಡಿ."

ನನ್ನ ಮೈ ಉರಿಯಿತು. "ಅದು ನಾನು ಹಾಕಿದ್ದು. ನೋಡಬೇಕಾಗಿಲ್ಲ."

ಹೇಗೆ ನೋಡಲಿ? ಬಿಚ್ಚಿದರೆ ಅವನು ಪಕ್ಕದಲ್ಲೇ ನಿಂತಿರುತ್ತಾನೆ. ಉಂಗುರ ಎಲ್ಲಿದೆ ಅಂತ ಕಾಣುತ್ತದೆ.

ಹೊರಡುವುದು ಭಾನುವಾರ ಬೆಳಿಗ್ಗೆ. ಶುಕ್ರವಾರ ರಾತ್ರಿ ನಾನೇ ಕಾಯುತ್ತೇನೆ ಎಂದು ಹೋದೆ. ಕುಸುಮಾವತಿಯೂ ಬಂದು ಕಾರಿನೊಳಗೆ ನನ್ನ ಪಕ್ಕದಲ್ಲಿ ಕೂತಳು. ಕೂರುವ ಮೊದಲು ನಾನು ಬ್ಯಾಟರಿಯ ಎರಡೂ ವಯರು ಬಿಚ್ಚಿ, ಟೇಪು ಸುತ್ತಿ ಬದಿಗಿಟ್ಟೆ. ಬೇರೆ ಎರಡು ಮೀಟರು ಸತ್ತವು. ಓಣಿಯ ಕೊನೆಯಲ್ಲಿ ಒಂದು ದೀಪ. ದೂರದಲ್ಲಿ ಮೆಟ್ರೋ ಹೋಯಿತು, ಹೂಂಂಂ... ಆಮೇಲೆ ಏನೂ ಇಲ್ಲ.

ಹತ್ತೂ ಮುಕ್ಕಾಲು.

"ಅಕ್ಕ..."

"ಸುಮ್ಮನಿರು."

"ನೋಡು."

ಟಾರ್ಚು ಹಾಕಿದೆ. ಮುಳ್ಳು ಎದ್ದಿತ್ತು. ಅರವತ್ತು... ಎಂಬತ್ತು... ಅದು ನಡುಗುತ್ತಿರಲಿಲ್ಲ. ವಯರು ಸಡಿಲವಿದ್ದರೆ ಮುಳ್ಳು ನಡುಗುತ್ತದೆ. ಇದು ನಿಧಾನವಾಗಿ, ಗಾಡಿ ಚಡಾವು ಹತ್ತುವಾಗ ಏರುವ ಹಾಗೆ ಏರುತ್ತಿತ್ತು. ನೂರು... ನೂರ ಇಪ್ಪತ್ತು...

"ಬ್ಯಾಟರಿ ಬಿಚ್ಚಿದ್ದಿ ಅಲ್ವಾ?"

"ಬಿಚ್ಚಿದ್ದೇನೆ."

"ಮತ್ತೆ?"

ಇದಕ್ಕೆ ಬ್ಯಾಟರಿ ಬೇಡ ಎಂದು ಅವಳಿಗೆ ಹೇಳಲಿಲ್ಲ. ಹೇಳಿದರೆ ಮುಂದಿನದ್ದೂ ಹೇಳಬೇಕಾಗುತ್ತಿತ್ತು. ಬಿಸಿ ಇದ್ದರೆ ಮಾತ್ರ ಅದು ಏಳುತ್ತದೆ, ಹಾಗಾದರೆ ಹಿಂದೆ ಏನೋ ಕಾಯುತ್ತಿದೆ.

ನೂರ ಎಪ್ಪತ್ತು. ಅಲ್ಲಿ ನಿಂತಿತು.

ಆಗ ಹಿಂದಿನಿಂದ... ಟಿಣ್.

ನಮ್ಮಿಬ್ಬರ ಕೈ ಒಂದನ್ನೊಂದು ಹಿಡಿದುಕೊಂಡದ್ದು ಯಾವಾಗ ಅಂತ ಗೊತ್ತಿಲ್ಲ.

ಟಿಣ್... ಟಿಣ್...

"ಅಪ್ಪ ಹೀಗೆ ನಿಲ್ಲಿಸಿ ಕಾಯ್ತಿದ್ದರು," ಅಂದಳು ಅವಳು, ಉಸಿರಿನಲ್ಲಿ. ಅಳುತ್ತಿರಲಿಲ್ಲ.

ನಾನು ಕಿವಿಗೊಟ್ಟು ಕೇಳಿದೆ. ಉಂಗುರ ನಾನು ಹಾಕಿದ್ದು ಬಲಗಡೆ. ಸದ್ದು ಬರುತ್ತಿದ್ದದ್ದು ಎಡಗಡೆಯಿಂದ. ಎಡಗಡೆ, ಒಳಗೆ, ಮೂಲೆಯಿಂದ.

ನಾನು ಇಳಿಯಲಿಲ್ಲ. ಧೈರ್ಯ ಇರಲಿಲ್ಲ ಅಂತ ನಾನು ಹೇಳುವವಳಲ್ಲ. ಆದರೆ ಇಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟೆವು. ಕುಸುಮಾವತಿ ಸ್ಟಿಯರಿಂಗಿನಲ್ಲಿ. ನಾನು ಪಕ್ಕದಲ್ಲಿ, ಉಪಕರಣದ ಪೆಟ್ಟಿಗೆ ಕಾಲ ಬುಡದಲ್ಲಿ. ಹಿಂದಿನ ಸೀಟಿನಲ್ಲಿ ಮಡಚಿಕೊಂಡು ನಿತ್ಯಾನಂದ. ಟೋ ಲಾರಿಯವನ ನಂಬರು ಫೋನಿನಲ್ಲಿ ತೆಗೆದಿಟ್ಟುಕೊಂಡೇ ಕೂತಿದ್ದ. "ಸುಮ್ಮನೆ ಇರಲಿ ಅಂತ," ಅಂದ.

ಅರೂರು ದಾಟಿತು. ಚೇರ್ತಲ ದಾಟಿತು. ನೂರ ಮೂವತ್ತು. ಆಲಪ್ಪುಳ ಬೈಪಾಸಿನ ಮೇಲೆ ಸಮುದ್ರದ ಗಾಳಿ ಹೊಡೆಯಿತು, ನೂರ ಇಪ್ಪತ್ತೈದು. ಅಲ್ಲಿಂದ ಇಳಿದ ಮೇಲೆ ನಿಲ್ಲಿಸಿ ಅಂಗೈ ಇಟ್ಟಳು. ಹತ್ತರವರೆಗೆ ನಿಂತಿತು. ನನಗೆ ಜೀವ ಬಂತು. ಮೀಟರ್ ನೋಡು, ಮೀಟರ್ ನೋಡು ಎಂದು ನಿತ್ಯಾನಂದನಿಗೆ ನಾಲ್ಕು ಸಲ ಹೇಳಿದೆ.

ಹರಿಪ್ಪಾಡ್ ದಾಟಿ ಮೂರು ಕಿಲೋಮೀಟರ್ ಆಗಿರಬಹುದು. ರಸ್ತೆ ಅಗಲ ಮಾಡುವ ಕೆಲಸ, ಎಲ್ಲ ಕಡೆ ಕೆಂಪು ಧೂಳು. ಮುಳ್ಳು ಹಾರಿತು. ನೂರ ಎಂಬತ್ತು. ಇನ್ನೂರು. ಇನ್ನೂರ ಇಪ್ಪತ್ತು. ಕೆಂಪು ಗೆರೆಯೊಳಗೆ ಹೋಯಿತು.

"ಅಕ್ಕ!"

ನಾನು ಮೀಟರಿನ ಗಾಜಿಗೆ ಬೆರಳಲ್ಲಿ ಬಡಿದೆ. ಎರಡನೆಯ ಸಿಲಿಂಡರು ಅಷ್ಟು ಕಾಯಲು ಸಾಧ್ಯವೇ ಇಲ್ಲ. ಆಯಿಲ್ ಮೀಟರು ಸರಿಯಾಗಿತ್ತು. ಇಂಜಿನ್ ಸದ್ದೂ ಸರಿಯಾಗಿತ್ತು.

"ಓಡಿಸು. ಅದು ಸುಳ್ಳು."

"ನಿನ್ನೆವರೆಗೆ ನಿನ್ನ ಮೀಟರ್ ಸರಿ ಅಂತಿದ್ದಿ."

"ಈಗ ಸುಳ್ಳು ಅಂತಿದ್ದೇನೆ. ಓಡಿಸು ಅಂದೆನಲ್ಲ!"

"ಲಾರಿ ಕರೆಯಲಾ?" ಅಂದ ಹಿಂದಿನಿಂದ ನಿತ್ಯಾನಂದ.

"ನೀನು ಬಾಯಿ ಮುಚ್ಚು!" ನಾವಿಬ್ಬರೂ ಒಟ್ಟಿಗೆ.

ಇನ್ನೂರ ನಲವತ್ತು.

ಅವಳು ನನ್ನ ಮಾತು ಕೇಳಲಿಲ್ಲ. ರಸ್ತೆಯ ಬದಿಯಲ್ಲಿ ಒಂದು ಆಲದ ಮರ ಉಳಿಸಿದ್ದರು. ಅದರ ಬುಡಕ್ಕೆ ತಂದು ಇಂಜಿನ್ ಆರಿಸಿದಳು. ಇಳಿದು ಹೋಗಿ ಮುಚ್ಚಳದ ಮೇಲೆ ಅಂಗೈ ಇಟ್ಟಳು. ಒಂದು... ಎರಡು ಎನ್ನುವ ಮೊದಲೇ ಹಿಂದಕ್ಕೆ ಜಿಗಿದಳು.

ನಾನು ಮುಚ್ಚಳ ಎತ್ತಿದೆ. ತೆಂಗಿನ ನಾರು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಎಡಗಡೆಯಿಂದ ಸಣ್ಣ ಹೊಗೆ.

ಟಿಣ್... ಟಿಣ್... ಟಿಣ್...

ತಣಿಯಲು ಒಂದು ಗಂಟೆ ಬಿಟ್ಟೆವು. ನಿತ್ಯಾನಂದ ಎದುರಿನ ಅಂಗಡಿಯಿಂದ ಚಾ ತಂದುಕೊಟ್ಟ. ಆಮೇಲೆ ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಬಗ್ಗಿದೆ. ಮೂರನೆಯದರ ಹೊದಿಕೆ. ಮೂರು ಸ್ಕ್ರೂ, ಮೂರು ಕೆಂಪು ಚುಕ್ಕಿ. ಚುಕ್ಕಿಗಳನ್ನು ಒಡೆದು ಒಂದೊಂದಾಗಿ ಬಿಚ್ಚಿದೆ. ತಗಡು ಎತ್ತಿದೆ.

ಇಲಿಯ ಗೂಡು. ಒಂದು ಬೊಗಸೆಯಷ್ಟು ನಾರು, ಸುಮಿತ್ರ ಚೇಚಿಯ ಬಾವಿಯ ಹಸಿರು ಬಲೆಯ ಚೂರುಗಳು, ಎಲ್ಲ ಸೇರಿ, ರಸ್ತೆಯ ಕುಲುಕಾಟಕ್ಕೆ ಜಾರಿ ಬಂದು, ಮೂರನೆಯ ಸಿಲಿಂಡರಿನ ಗಾಳಿಯ ದಾರಿಗೆ ಬಿರಡೆಯ ಹಾಗೆ ಕೂತಿತ್ತು. ಅಂಚು ಕರಕಲಾಗಿತ್ತು. ಇನ್ನು ಐದು ನಿಮಿಷ ಓಡಿದ್ದರೆ ಇಂಜಿನ್ ಹೋಗುತ್ತಿತ್ತು. ಪೆಟ್ರೋಲಿನ ಪೈಪು ಒಂದು ಗೇಣು ದೂರದಲ್ಲಿತ್ತು. ಗಾಡಿಯಲ್ಲಿ ನಾವು ಮೂವರು.

ಓಡಿಸು ಅಂದವಳು ನಾನು.

ಗೂಡನ್ನು ಬೆರಳಿನಲ್ಲಿ ಕಿತ್ತು ಕಿತ್ತು ತೆಗೆದೆ. ಕೊನೆಯ ಮುಷ್ಟಿ ತೆಗೆದಾಗ ಪ್ಲಗ್ಗಿನ ಬುಡ ಕಂಡಿತು. ಟಾರ್ಚು ಹಿಡಿದೆ.

ಮೂರನೆಯ ಪ್ಲಗ್ಗಿನ ಬುಡದಲ್ಲಿ ತಾಮ್ರದ ಉಂಗುರ ಇತ್ತು.

ನಾನು ಬಲಗಡೆಗೆ ಬಂದು ಎರಡನೆಯದನ್ನು ನೋಡಿದೆ. ಬರೀ ಪ್ಲಗ್ಗು. ಮತ್ತೆ ಎಡಗಡೆಗೆ ಹೋದೆ. ಉಂಗುರದಿಂದ ಹೊರಟ ಎರಡು ವಯರು ಫ್ಯಾನಿನ ಹಿಂದಿನಿಂದ, ನಾನು ಎಳೆದಿರದ ದಾರಿಯಲ್ಲಿ ಬಂದಿದ್ದವು. ಅಲ್ಲಾಡದ ಹಾಗೆ ಅವನ್ನು ಮೂರು ಕಡೆ ಕಟ್ಟಿತ್ತು. ಹಸಿರು ಟ್ಯಾಗು ದಾರ. ಎರಡೂ ತುದಿ ಒಂದೇ ಕಡೆಗೆ ಮಡಚಿ ಒಳಗೆ ಸಿಕ್ಕಿಸಿತ್ತು.

ನಿತ್ಯಾನಂದ ನನ್ನ ಭುಜದ ಮೇಲಿನಿಂದ ಬಗ್ಗಿ ನೋಡಿದ. ಮೊದಲ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಅಕ್ಕ, ನಾನು ಸುಮ್ಮನೆ ಬಾಯಿಗೆ ಬಂದ ಹಾಗೆ ಮಾತಾಡಿದೆ. ಇಷ್ಟು ಒಳಗೆ ಹಾಕಿದ್ದೀರಲ್ಲ. ಅದೂ ಮಾವ ಕಟ್ಟಿದ ಹಾಗೇ ಕಟ್ಟಿದ್ದೀರಿ. ನಿಮ್ಮ ಮೀಟರ್ ಇಲ್ಲದಿದ್ದರೆ ಇವತ್ತು..."

ನಾನು "ಹೂಂ" ಅಂದೆ.

ಕುಸುಮಾವತಿ ಒಂದು ಬೆರಳಿನಿಂದ ಆ ದಾರದ ಗಂಟನ್ನು ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. ನಾನು ತಗಡು ಹುಡುಕುವವಳ ಹಾಗೆ ಬಗ್ಗಿದೆ.

ಸಂಜೆ ನಾಲ್ಕಕ್ಕೆ ಪಟ್ಟಂ ಮುಟ್ಟಿದೆವು. ತನ್ನ ಚಕ್ರದ ಮೇಲೆ. ಕುಸುಮಾವತಿಯ ಅಮ್ಮ, ಇಂದುಮತಿ ಚಿಕ್ಕಮ್ಮ, ಫ್ಲಾಟಿನಿಂದ ಕೆಳಗೆ ಬಂದು ಗಾಡಿಯ ಹಿಂದಕ್ಕೆ ಹೋಗಿ ನಿಂತರು. ಸ್ವಲ್ಪ ಹೊತ್ತಿನ ನಂತರ, "ಕೈಕಾಲು ತೊಳೆದು ಬನ್ನಿ, ಗಂಜಿ ಉಂಟು," ಅಂದರು. ಸೋಮವಾರ ನೋಂದಣಿ ಆಯಿತು. ನಿತ್ಯಾನಂದ ಮಾತು ಉಳಿಸಿಕೊಂಡ. ಲಾರಿಯವನ ನಂಬರು ಅಳಿಸಿದ್ದನ್ನು ನನಗೇ ತೋರಿಸಿದ. ಅದರ ನಂತರ ರಾತ್ರಿ ಹೊತ್ತು ಆ ಮುಳ್ಳು ಎದ್ದದ್ದಿಲ್ಲ.

ಇಲಿ ಗೂಡು ಕಟ್ಟುತ್ತದೆ, ಗೂಡು ಸುಡುತ್ತದೆ, ಅದರಲ್ಲಿ ಏನು ದೆವ್ವ ಎಂದು ನೀವು ಕೇಳಬಹುದು. ಕುಸುಮಾವತಿಯೇ ಯಾರಿಂದಲೋ ಬಿಚ್ಚಿಸಿ, ಉಂಗುರ ಸರಿಯಾದ ಜಾಗಕ್ಕೆ ಹಾಕಿಸಿರಬಹುದು ಅನ್ನಬಹುದು. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ಎಷ್ಟೋ ರಾತ್ರಿ ನೋಡಿದೆ.

ಆದರೆ ತಗಡು ಬಿಚ್ಚದೆ ಆ ಪ್ಲಗ್ಗಿಗೆ ಕೈ ಹೋಗುವುದಿಲ್ಲ. ಸ್ಕ್ರೂ ತಿರುಗಿಸದೆ ಆ ತಗಡು ಬರುವುದಿಲ್ಲ. ಆ ಮೂರು ಚುಕ್ಕಿಗಳನ್ನು ಹರಿಪ್ಪಾಡಿನ ಆಲದ ಬುಡದಲ್ಲಿ ತಗಡು ಬಿಚ್ಚುವ ಮೊದಲು ನಾನು ಒಂದೊಂದಾಗಿ ನೋಡಿದ್ದೇನೆ, ನನ್ನ ಎರಡು ಕಣ್ಣಿನಿಂದ. ನಾನು ಸುಳ್ಳಿಗೆ ಇಟ್ಟ ಚುಕ್ಕಿಗಳು.

ಮೂರರಲ್ಲಿ ಒಂದೂ ಒಡೆದಿರಲಿಲ್ಲ.